75 ವರ್ಷದ ಕಾಗದ ಕೇಳುವ ಮೊದಲು ತಾಂಡಾದಲ್ಲಿ ಗ್ರಾಮಸಭೆ ಕರೆಯಿರಿ

ಮಾನ್ಯ ಸಂಪಾದಕರೇ,

ಅರಣ್ಯ ಹಕ್ಕಿನ ಅರ್ಜಿ ಬಿದ್ದುಹೋದಾಗ ಅರ್ಜಿದಾರನ ಕೈಗೆ ಬರುವ ಹಿಂಬರಹ ಸಾಮಾನ್ಯವಾಗಿ ಒಂದೂವರೆ ಸಾಲಿನದು. 75 ವರ್ಷಗಳ ದಾಖಲೆ ಹಾಜರುಪಡಿಸಿಲ್ಲ, ಆದ್ದರಿಂದ ತಿರಸ್ಕರಿಸಿದೆ, ಇಷ್ಟೇ. ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದ ತಾಂಡಾಗಳಿರಲಿ, ಕಲಘಟಗಿ, ಅಳ್ನಾವರ ಕಡೆಯ ಗೌಳಿದಡ್ಡಿಗಳಿರಲಿ (ದನ ಸಾಕುವ ಗೌಳಿಗಳ ನೆಲೆಗಳು), ಹಾನಗಲ್ಲ, ಶಿಗ್ಗಾವಿಯ ಕಾಡಂಚಿನ ಊರುಗಳಿರಲಿ, ಎಲ್ಲ ಕಡೆಯೂ ಇದೇ ಒಕ್ಕಣೆ. ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳು ಸುಮಾರು 2.9 ಲಕ್ಷ, ಹಕ್ಕುಪತ್ರ ಸಿಕ್ಕಿದ್ದು 16 ಸಾವಿರದ ಆಸುಪಾಸು. ತಿರಸ್ಕೃತರನ್ನು ಒಕ್ಕಲೆಬ್ಬಿಸಿ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 13ರಂದು ಹೇಳಿತು, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. ಅಂದಿನಿಂದ ಮರುಪರಿಶೀಲನೆಯ ಮಾತು ನಡೆದಿದೆ. ಹಳೆಯ ಕಡತವನ್ನು ಮತ್ತೊಮ್ಮೆ ತೆರೆದು, ಹಳೆಯ ಕಾರಣವನ್ನೇ ಹೊಸ ಹಾಳೆಯಲ್ಲಿ ಬರೆಯುವುದಾದರೆ ಅದಕ್ಕೆ ಮರುಪರಿಶೀಲನೆ ಎನ್ನಬೇಕಿಲ್ಲ. ತಪ್ಪಿರುವುದು ಅರ್ಜಿದಾರನ ಕಾಗದದ ಗಂಟಿನಲ್ಲಲ್ಲ, ಮೊದಲ ಮೆಟ್ಟಿಲಾದ ಗ್ರಾಮಸಭೆಯಲ್ಲಿ. ಆ ವಿವರವನ್ನು ಬರೆಯಲು ಈ ಪತ್ರ.

2006ರ ಅರಣ್ಯ ಹಕ್ಕು ಕಾಯ್ದೆ ಎರಡು ಬಗೆಯ ಜನರನ್ನು ಗುರುತಿಸುತ್ತದೆ. ಒಂದು, ಅರಣ್ಯವನ್ನು ನಂಬಿದ ಪರಿಶಿಷ್ಟ ಪಂಗಡದವರು. ಇವರು 2005ರ ಡಿಸೆಂಬರ್ 13ಕ್ಕಿಂತ ಮೊದಲು ಭೂಮಿ ಅನುಭವಿಸುತ್ತಿದ್ದರೆ ಸಾಕು. ಇನ್ನೊಂದು, ಇತರ ಪಾರಂಪರಿಕ ಅರಣ್ಯವಾಸಿಗಳು. ಇವರಿಗೆ ಅದರ ಜೊತೆಗೆ ಮೂರು ತಲೆಮಾರಿನ ವಾಸದ ಷರತ್ತು. ತಲೆಮಾರಿಗೆ 25 ವರ್ಷದಂತೆ 75 ವರ್ಷ. ನಮ್ಮ ಭಾಗದ ಪೇಚು ಇಲ್ಲಿಂದಲೇ ಶುರು. ವಾಲ್ಮೀಕಿ ನಾಯಕರು ಮೊದಲ ಗುಂಪಿಗೆ ಸೇರುತ್ತಾರೆ. ಲಂಬಾಣಿಗರು ಪಕ್ಕದ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಹಾಗಾಗಿ ಗುಡ್ಡದಲ್ಲೇ ಹುಟ್ಟಿ ಬೆಳೆದ ತಾಂಡಾದವರೂ ಇಲ್ಲಿ ಎರಡನೆಯ ಗುಂಪು. ದನಗರ ಗೌಳಿಗಳೂ ಪಂಗಡದ ಪಟ್ಟಿಯಲ್ಲಿಲ್ಲ. ಧಾರವಾಡ ಜಿಲ್ಲೆಯ ಸಿದ್ದಿಗಳದ್ದು ಬೇರೆಯೇ ಕತೆ. ಉತ್ತರ ಕನ್ನಡಕ್ಕೆ ಮಾತ್ರ ಇದ್ದ ಪಂಗಡದ ಮಾನ್ಯತೆ ಧಾರವಾಡ, ಬೆಳಗಾವಿ ಜಿಲ್ಲೆಗಳಿಗೂ ಬಂದದ್ದು 2020ರ ತಿದ್ದುಪಡಿಯಿಂದ. 2005ರಲ್ಲಿ ನೀವು ಪಟ್ಟಿಯಲ್ಲಿರಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಕಾಯ್ದೆ ಓದಿದರೆ ಆ ತಾರೀಖು ಭೂಮಿಯ ಅನುಭೋಗಕ್ಕೆ ಹಾಕಿದ್ದು, ಜಾತಿ ಪಟ್ಟಿಗೆ ಹಾಕಿದ್ದಲ್ಲ.

75 ವರ್ಷದ ಮಾತಿಗೆ ಬರೋಣ. ‘ಇದೇ ಹೊಲವನ್ನು 75 ವರ್ಷದಿಂದ ಉಳುತ್ತಿದ್ದೀರಾ, ಉತಾರ ತೋರಿಸಿ’ ಎಂದು ಕೇಳುವುದು ರೂಢಿಯಾಗಿಬಿಟ್ಟಿದೆ. ಕಾಯ್ದೆಯ 2(ಒ) ಕಲಮಿನಲ್ಲಿ ಹೊಲದ ಮಾತೇ ಇಲ್ಲ. ಮೂರು ತಲೆಮಾರು ಮುಖ್ಯವಾಗಿ ಕಾಡಿನಲ್ಲಿ ನೆಲೆಸಿ, ಜೀವನಕ್ಕೆ ಕಾಡನ್ನೇ ನಂಬಿದ ‘ವ್ಯಕ್ತಿ ಅಥವಾ ಸಮುದಾಯ’ ಎಂದಷ್ಟೇ ಅಲ್ಲಿದೆ. ಅಂದರೆ 1930ಕ್ಕೆ ಮೊದಲೇ ತಾಂಡಾ ಅಲ್ಲಿತ್ತೇ, ದನ ಮೇಯುತ್ತಿದ್ದವೇ ಎಂಬುದು ಒಂದು ಪ್ರಶ್ನೆ. 2005ರ ಡಿಸೆಂಬರಿಗೆ ಮೊದಲು ಈ ತುಂಡು ಹೊಲ ಸಾಗುವಳಿಯಲ್ಲಿತ್ತೇ ಎಂಬುದು ಇನ್ನೊಂದು. ಎರಡನ್ನೂ ಕಲಸಿ ಒಂದೇ ಪ್ರಶ್ನೆ ಮಾಡಿದ್ದರಿಂದಲೇ ಎಷ್ಟೋ ಅರ್ಜಿಗಳು ಬಿದ್ದಿವೆ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಇಡೀ ತಾಂಡಾಕ್ಕೆ ಒಟ್ಟಿಗೇ ಸಿಕ್ಕಂತೆ. ಮನೆಮನೆಗೂ ಮುತ್ತಜ್ಜನ ಕಾಗದ ಕೇಳುವ ಕೆಲಸವೇ ಉಳಿಯುವುದಿಲ್ಲ.

ಈ ಉತ್ತರ ಕೊಡಬೇಕಾದದ್ದು ಗ್ರಾಮಸಭೆ. ಅದು ಯಾವ ಸಭೆ? ನಮ್ಮಲ್ಲಿ ಪಂಚಾಯಿತಿ ಕಚೇರಿಯ ಮುಂದೆ, ವಸತಿ ಯೋಜನೆಯ ಫಲಾನುಭವಿ ಆಯ್ಕೆಯ ಜೊತೆ ಹನ್ನೊಂದನೆಯ ವಿಷಯವಾಗಿ ಅರಣ್ಯ ಹಕ್ಕನ್ನು ಸೇರಿಸಿ ಮುಗಿಸುವ ಸಭೆಯನ್ನೇ ಗ್ರಾಮಸಭೆ ಎನ್ನುತ್ತಾರೆ. ನಿಯಮದ ಪ್ರಕಾರ ಕೋರಂ ಎಷ್ಟು ಬೇಕು ನೋಡಿ: ಒಟ್ಟು ವಯಸ್ಕರಲ್ಲಿ ಕನಿಷ್ಠ ಅರ್ಧ ಜನ ಬರಬೇಕು, ಬಂದವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿರಬೇಕು, ಹಕ್ಕಿನ ಠರಾವು ಮಾಡುವಾಗ ಅರ್ಜಿದಾರರಲ್ಲಿ ಅರ್ಧ ಜನ ಅಥವಾ ಅವರ ಪ್ರತಿನಿಧಿಗಳು ಎದುರಿಗಿರಬೇಕು. ನಾಲ್ಕು ಸಾವಿರ ವಯಸ್ಕರಿರುವ ಪಂಚಾಯಿತಿಯಾದರೆ ಎರಡು ಸಾವಿರ ಜನ ಸೇರಬೇಕು. ಅಷ್ಟು ಜನ ಜಾತ್ರೆಗೆ ಸೇರುತ್ತಾರೆ, ಸಭೆಗಲ್ಲ. ಹಾಗಾಗಿ ನೂರಿಪ್ಪತ್ತು ಸಹಿಯ ಠರಾವು ಮೇಲಕ್ಕೆ ಹೋಗುತ್ತದೆ, ಕೋರಂ ಇಲ್ಲವೆಂದು ಕೆಳಗೆ ಬರುತ್ತದೆ. ಅದೇ 260 ವಯಸ್ಕರ ತಾಂಡಾದಲ್ಲೇ ಸಭೆ ಮಾಡಿದರೆ 130 ಜನ ಸಾಕು, ಅವರಲ್ಲಿ 44 ಹೆಣ್ಣುಮಕ್ಕಳು. ಒಂದು ಸಂಜೆ, ದುಡಿಮೆಗೆ ಹೋದವರು ಮರಳಿದ ಮೇಲೆ, ಸೇವಾಲಾಲ್ ಗುಡಿಯ ಮುಂದೆ ಮುಗಿಯುವ ಕೆಲಸ.

ಇದಕ್ಕೆ ಹೊಸ ಆದೇಶವೇನೂ ಬೇಡ. ಕಾಯ್ದೆ ‘ಗ್ರಾಮ’ ಎನ್ನುವಾಗ ಅಳತೆಯಾಗದ ಹಳೆಯ ನೆಲೆಗಳನ್ನೂ ಸೇರಿಸಿಯೇ ಹೇಳಿದೆ. 2012ರ ಸೆಪ್ಟೆಂಬರಿನಲ್ಲಿ ತಿದ್ದಿದ ನಿಯಮಗಳ 2ಎ ಪ್ರಕಾರ, ಪ್ರತಿ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಇಂಥ ತಾಂಡಾ, ದಡ್ಡಿ, ಹಟ್ಟಿಗಳ ಪಟ್ಟಿ ಮಾಡಬೇಕು. ಆಯಾ ನೆಲೆಯ ಸಭೆಯಲ್ಲಿ ಠರಾವು ಮಾಡಿಸಿ ಉಪವಿಭಾಗಾಧಿಕಾರಿಗೆ ಕೊಡಬೇಕು. ಯಾವ ಪಂಚಾಯಿತಿಯಲ್ಲಾದರೂ ಹೋಗಿ 2ಎ ಪಟ್ಟಿ ಎಲ್ಲಿದೆ ಎಂದು ಕೇಳಿ. ಪಿಡಿಒ ಪಾಪ, ನಿಮ್ಮ ಮುಖವನ್ನೇ ನೋಡುತ್ತಾರೆ.

ಅರಣ್ಯ ಹಕ್ಕು ಸಮಿತಿಯದೂ ಇದೇ ಹಣೆಬರಹ. ಬಹುತೇಕ ಕಡೆ ಪಂಚಾಯಿತಿ ಮಟ್ಟದಲ್ಲಿ ಎಂದೋ ಆದ ಸಮಿತಿ. ಸದಸ್ಯರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಉಳಿದ ಕೆಲವರಿಗೆ ತಾವು ಸದಸ್ಯರೆಂಬುದೇ ನೆನಪಿಲ್ಲ. ಹೊಸದಾಗಿ 10ರಿಂದ 15 ಜನರನ್ನು ಸಭೆಯಲ್ಲೇ ಆರಿಸಿ. ಪಂಗಡದವರಿರುವ ಊರಲ್ಲಿ ಮೂರನೇ ಎರಡು ಭಾಗ ಅವರಿರಬೇಕು. ಹೆಣ್ಣುಮಕ್ಕಳು ಎಲ್ಲ ಕಡೆಯೂ ಮೂರನೇ ಒಂದಕ್ಕೆ ಕಡಿಮೆಯಾಗಬಾರದು. ಸದಸ್ಯನದೇ ಅರ್ಜಿ ಪರಿಶೀಲನೆಗೆ ಬಂದಾಗ ಆತ ಎದ್ದು ಹೊರಗೆ ಕೂರಬೇಕು ಮತ್ತು ಅದನ್ನು ನಡಾವಳಿಯಲ್ಲಿ ಬರೆಯಬೇಕು. ಬರೆಯದಿದ್ದರೆ ಮುಂದೆ ತಕರಾರಿಗೆ ಅದೊಂದೇ ಸಾಕು. ಅರ್ಜಿ ತೆಗೆದುಕೊಳ್ಳುವ ಅಧಿಕಾರವಿರುವುದೂ ಈ ಸಮಿತಿಗೆ ಮಾತ್ರ. ಯಾವ ದರ್ಜೆಯ ಅಧಿಕಾರಿಯೂ ತಾನೊಬ್ಬನೇ ಅರ್ಜಿ ಸ್ವೀಕರಿಸುವಂತಿಲ್ಲ, ತಿರಸ್ಕರಿಸುವಂತೆಯೂ ಇಲ್ಲ. ಅರ್ಜಿಯ ನಮೂನೆಗೆ ದುಡ್ಡಿಲ್ಲ. ಇನ್ನೂರು ಮುನ್ನೂರು ಇಸಿದುಕೊಂಡು ನಮೂನೆ ತುಂಬಿ ಕೊಡುವವರು ಸಂತೆಯಲ್ಲಿ ಸಿಗುತ್ತಾರೆ, ಅವರು ತುಂಬಿದ ಅರ್ಜಿಗಳಲ್ಲಿ ಚಕ್ಕುಬಂದಿಯೇ ಇರುವುದಿಲ್ಲ.

ಇನ್ನು ಸಾಕ್ಷ್ಯ. 13ನೇ ನಿಯಮ ಉದ್ದನೆಯ ಪಟ್ಟಿಯನ್ನೇ ಕೊಟ್ಟು, ಒಂದಕ್ಕಿಂತ ಹೆಚ್ಚು ಸಾಕ್ಷ್ಯ ನೋಡಿ ತೀರ್ಮಾನಿಸಿ ಎನ್ನುತ್ತದೆ. ಇಂಥದ್ದೇ ಕಾಗದ ಬೇಕೆಂದು ಹಟ ಹಿಡಿಯುವಂತಿಲ್ಲ ಎಂದು 12ಎ ನಿಯಮದಲ್ಲಿ ಸ್ಪಷ್ಟವಾಗಿದೆ. ಹಾಗಿದ್ದರೆ ನಮ್ಮ ಕಡೆ ಯಾವ ಸಾಕ್ಷ್ಯ ನಿಲ್ಲುತ್ತದೆ? ಮೊದಲನೆಯದು ಊರಿನ ಹಿರಿಯರ ಹೇಳಿಕೆ. ಅರ್ಜಿದಾರರಲ್ಲದ ಹಿರಿಯರಾಗಿರಬೇಕು, ಬರಹದಲ್ಲಿರಬೇಕು. ‘ಇವರು ಬಹಳ ವರ್ಷದಿಂದ ಉಳುತ್ತಿದ್ದಾರೆ’ ಎಂಬ ಹೇಳಿಕೆಗೆ ಕಾಸಿನ ಬೆಲೆಯಿಲ್ಲ. ಯಾವ ಬರದ ವರ್ಷ, ಯಾವ ಕೆರೆ ಕಟ್ಟಿದ ಕಾಲ, ಹೊಲದ ಮೂಡಲಿಗೆ ಯಾರದು, ಪಡುವಲಿಗೆ ಯಾವ ಹಳ್ಳ, ಆಗ ಏನು ಬಿತ್ತುತ್ತಿದ್ದರು, ಹೀಗೆ ಗುರುತು ಸಿಗುವಂತೆ ಬರೆಸಬೇಕು. ಎರಡನೆಯದು ನೆಲದ ಮೇಲಿನ ಗುರುತು: ಕಲ್ಲಿನ ಒಡ್ಡು, ಮಟ್ಟ ಮಾಡಿದ ಮಸಾರಿ (ಕೆಂಪು ಮಣ್ಣಿನ) ಹೊಲ, ಬದುವಿನ ಮೇಲಿನ ಹುಣಸೆ, ಬೇವು, ಹಳೆಯ ಬಾವಿ, ಹಿರಿಯರನ್ನು ಮಣ್ಣು ಮಾಡಿದ ಜಾಗ. ಒಡ್ಡಿನ ಉದ್ದ ಎತ್ತರ ಅಳೆದು, ಮರದ ಸುತ್ತಳತೆ ಹಿಡಿದು, ಫೋಟೊ ಸಮೇತ ಪಂಚನಾಮೆ ಮಾಡಿದರೆ ಅದು ಮಾತಾಡುತ್ತದೆ. ‘ಒಡ್ಡು ಇದೆ’ ಎಂಬ ಎರಡು ಪದ ಮಾತಾಡುವುದಿಲ್ಲ.

ಮೂರನೆಯದನ್ನು ಜನ ಹೆದರಿ ಬಚ್ಚಿಡುತ್ತಾರೆ. ಅರಣ್ಯ ಇಲಾಖೆ ಹಾಕಿದ ದಂಡದ ಪಾವತಿ, ಒತ್ತುವರಿ ಕೇಸಿನ ಕಾಗದ, ದನ ಮೇಯಿಸಲು ಕೊಟ್ಟ ಹಳೆಯ ಪಾಸು. 1990ರ ದಂಡದ ಪಾವತಿ ಎಂದರೆ 1990ರಲ್ಲಿ ಈ ಮನುಷ್ಯ ಆ ಜಾಗದಲ್ಲಿದ್ದ ಎಂದು ಇಲಾಖೆಯೇ ಬರೆದುಕೊಟ್ಟ ಹಾಗೆ. ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಯಾವುದಿದೆ? ಅಂಥ ಪಾವತಿ ಇಲ್ಲದವರೂ ಎದೆಗುಂದಬೇಕಿಲ್ಲ. ದಂಡದ ರಸೀದಿ, ಒತ್ತುವರಿದಾರರ ಪಟ್ಟಿ ಇವುಗಳಲ್ಲಿ ಹೆಸರಿಲ್ಲ ಎಂಬುದೊಂದೇ ತಿರಸ್ಕಾರಕ್ಕೆ ಕಾರಣವಾಗುವಂತಿಲ್ಲ.

ಊರಿನ ಹಳೆತನ ತೋರಿಸುವ ದಾಖಲೆ ಹುಡುಕಲು ಇತಿಹಾಸ ತಿಳಿದಿರಬೇಕು. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಡತ ಹುಡುಕುವಾಗ ಧಾರವಾಡದ ದಾಖಲೆ ಕೋಣೆಯನ್ನು ಮರೆಯಬಾರದು. ಬಾಂಬೆ ಪ್ರೆಸಿಡೆನ್ಸಿಯ ಧಾರವಾಡ ಗೆಜೆಟಿಯರ್ 1884ರಲ್ಲಿ ಅಚ್ಚಾಗಿದೆ. ಗೆಜೆಟಿಯರ್, ಜನಗಣತಿ, ಸರ್ವೆ ಸೆಟ್ಲ್‌ಮೆಂಟ್ ವರದಿ, ಅರಣ್ಯ ಇಲಾಖೆಯ ಕಾರ್ಯಯೋಜನೆ ಇವೆಲ್ಲ ನಿಯಮದಲ್ಲೇ ಹೆಸರಿಸಿದ ಸಾಕ್ಷ್ಯಗಳು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು, ಸವಣೂರಿಗೆ ನವಾಬರಿದ್ದರು. ಸಂಸ್ಥಾನದ ಊರಿಗೆ ಬ್ರಿಟಿಷರ ಧಾರವಾಡದ ಕಡತದಲ್ಲಿ ಹುಡುಕಿ ‘ದಾಖಲೆ ಲಭ್ಯವಿಲ್ಲ’ ಎಂದು ಬರೆದರೆ ಅದು ಹುಡುಕಿದ್ದಲ್ಲ. ಮರಾಠಿ, ಮೋಡಿ ಲಿಪಿ ಓದುವವರನ್ನು ಹಿಡಿಯಬೇಕು. ಇದು ಕೂಲಿ ಮಾಡುವ ಅರ್ಜಿದಾರ ಮಾಡುವ ಕೆಲಸವೂ ಅಲ್ಲ. ಸರ್ಕಾರದ ಬಳಿ ಇರುವ ದಾಖಲೆಯನ್ನು ಸರ್ಕಾರವೇ ಗ್ರಾಮಸಭೆಗೆ ಒದಗಿಸಬೇಕು.

ಈಚೆಗೆ ಉಪಗ್ರಹ ಚಿತ್ರದ ಭರಾಟೆ. ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲ, ಆದ್ದರಿಂದ ಅರ್ಜಿ ಇಲ್ಲ. ಯಾವ ಚಿತ್ರ, ಯಾವ ತಿಂಗಳದು ಎಂದು ಕೇಳಿದವರಿಲ್ಲ. ನಮ್ಮದೇ ದೇಶದ ಉಪಗ್ರಹಗಳ ಲಿಸ್-3 ಕ್ಯಾಮೆರಾದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 23.5 ಮೀಟರಿನ ಚೌಕ, ಅಂದರೆ ಐದೂವರೆ ಗುಂಟೆ. ಎಕರೆ ಹೊಲ ಇಡಿಯಾಗಿ ಏಳೆಂಟು ಚುಕ್ಕೆ, ಅದರಲ್ಲೂ ಅಂಚಿನವು ಪಕ್ಕದ ಕುರುಚಲಿನ ಜೊತೆ ಬೆರೆತಿರುತ್ತವೆ. ಮಳೆ ನಂಬಿದ ಮಸಾರಿ ಹೊಲದಲ್ಲಿ ಸಜ್ಜಿ, ಶೇಂಗಾ, ಹುರಳಿ ಕಿತ್ತ ಮೇಲೆ ಮಾಘದಿಂದ ಮುಂಗಾರಿನವರೆಗೆ ಹಸಿರೇ ಇರುವುದಿಲ್ಲ. ಆ ದಿನಗಳ ಚಿತ್ರದಲ್ಲಿ ಹೊಲವೂ ಬೋಳು, ಗುಡ್ಡವೂ ಬೋಳು. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಮಾತ್ರ, ಅದರ ಬದಲಿಗಲ್ಲ ಎಂದು ನಿಯಮದ ವಿವರಣೆಯೇ ಹೇಳುತ್ತದೆ. ಅಕ್ಟೋಬರ್ ಸುಮಾರಿನ ಚಿತ್ರ, ಅದೂ ಎರಡು ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಜಿದಾರನಿಗೂ ನ್ಯಾಯ, ಇಲಾಖೆಗೂ ನ್ಯಾಯ.

ಜಿಪಿಎಸ್ ಅಳತೆಯಲ್ಲೂ ಎಚ್ಚರ ಬೇಕು. ಎರಡು ಎಕರೆಯ ಚೌಕ ಹೊಲದ ಒಂದು ಬದಿ ಸುಮಾರು 90 ಮೀಟರ್. ಉದ್ದ ಅಗಲ ಎರಡರಲ್ಲೂ 5 ಮೀಟರ್ ತಪ್ಪಿದರೆ ಎಂಟೊಂಬತ್ತು ಗುಂಟೆ ಹೋಯಿತು. ಮೊಬೈಲು ಹಿಡಿದು ಓಡುನಡಿಗೆಯಲ್ಲಿ ಸುತ್ತಿದರೆ ಇದು ಆಗಿಯೇ ಆಗುತ್ತದೆ. ಮೂಲೆಮೂಲೆಗೂ ನಿಂತು, ಅಂಕಿ ಸ್ಥಿರವಾದ ಮೇಲೆ ಗುರುತು ಹಾಕಿ, ಚಕ್ಕುಬಂದಿಯ ಜೊತೆ ತಾಳೆ ನೋಡಬೇಕು. ಗರಿಷ್ಠ ಮಿತಿ 4 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 9 ಎಕರೆ 35 ಗುಂಟೆ. ಅದು ಮಿತಿಯೇ ಹೊರತು ಎಲ್ಲರಿಗೂ ಸಿಗುವ ಪಾಲಲ್ಲ. ಉಳುತ್ತಿದ್ದಷ್ಟಕ್ಕೆ ಮಾತ್ರ ಹಕ್ಕು. ಎರಡು ಎಕರೆ ಉಳುವವನು ನಾಲ್ಕು ಎಕರೆ ಬರೆಸಿದರೆ ಆತನ ಅರ್ಜಿಯ ಜೊತೆ ಪಕ್ಕದವನ ಅರ್ಜಿಯ ಮೇಲೂ ಸಂಶಯ ಬೀಳುತ್ತದೆ.

ಸ್ಥಳ ಪರಿಶೀಲನೆಗೆ ಅರಣ್ಯ ಮತ್ತು ಕಂದಾಯ ಇಲಾಖೆಯವರು ಬರಬೇಕು, ಹುದ್ದೆ, ತಾರೀಖು ಹಾಕಿ ಸಹಿ ಮಾಡಬೇಕು. ಬಾರದೆ ಉಳಿದು ಆಮೇಲೆ ‘ನಾವಿರಲಿಲ್ಲ’ ಎಂದು ಆಕ್ಷೇಪ ಎತ್ತಿದರೆ ಮತ್ತೊಮ್ಮೆ ಪರಿಶೀಲನೆ. ಆಗಲೂ ಬಾರದಿದ್ದರೆ ಗ್ರಾಮಸಭೆ ಹೇಳಿದ್ದೇ ಅಂತಿಮ. ಅದಕ್ಕೇ ನೋಟಿಸು ಕೊಟ್ಟ ಸ್ವೀಕೃತಿಯನ್ನು ಸಮಿತಿ ಜೋಪಾನ ಮಾಡಬೇಕು. ಬಾಯಿಮಾತಿನ ಕರೆ ಲೆಕ್ಕಕ್ಕಿಲ್ಲ. ಗ್ರಾಮಸಭೆಯ ಮೇಲಿನ ಹಂತವಾದ ಉಪವಿಭಾಗ ಸಮಿತಿಗೆ ಠರಾವು ಅಪೂರ್ಣ ಎನಿಸಿದರೆ ಅರ್ಜಿಯನ್ನು ತಿರಸ್ಕರಿಸದೆ ಗ್ರಾಮಸಭೆಗೆ ವಾಪಸು ಕಳಿಸಬೇಕು. ತಿರಸ್ಕಾರವೇ ಆದರೆ ವಿವರವಾದ ಕಾರಣ ಬರೆದು, ಅರ್ಜಿದಾರನ ಕೈಗೇ ಮುಟ್ಟಿಸಬೇಕು. ಪಂಚಾಯಿತಿಯ ಫಲಕಕ್ಕೆ ಪಟ್ಟಿ ಅಂಟಿಸಿದರೆ ತಿಳಿಸಿದಂತಾಗದು.

ಇನ್ನೊಂದು ಗೊಂದಲ. ಬಗರ್ ಹುಕುಂ ಸಕ್ರಮಕ್ಕೆ ನಮೂನೆ 50, 53, 57 ಕೊಟ್ಟವರು ತಮ್ಮದು ಅರಣ್ಯ ಭೂಮಿಯಾದರೂ ಅದನ್ನೇ ನೆಚ್ಚಿ ಕೂತಿದ್ದಾರೆ. ಆ ದಾರಿ ಗಾಯರಾಣದಂಥ (ಗೋಮಾಳ) ಕಂದಾಯ ಭೂಮಿಗೆ, ಅರಣ್ಯಕ್ಕೆ ಅಲ್ಲ. ತಾಂಡಾಗಳನ್ನು ಕಂದಾಯ ಗ್ರಾಮ ಮಾಡಿ ಕೊಡುವ ಹಕ್ಕುಪತ್ರ ಮನೆ ನಿಂತ ಜಾಗದ್ದು, ಅದು ಹೊಲಕ್ಕೆ ಬರುವುದಿಲ್ಲ. ಮೂರೂ ಬೇರೆ ಬೇರೆ ಎಂದು ತಲಾಟಿಯೇ ಊರಲ್ಲಿ ಹೇಳಿದ್ದರೆ ಎಷ್ಟೋ ವರ್ಷ ಉಳಿಯುತ್ತಿತ್ತು.

ಕಪ್ಪತಗುಡ್ಡದ ವಿಷಯಕ್ಕೆ ಬರೋಣ. ‘ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು’ ಎಂದು ನಮ್ಮ ಕಡೆಯ ಮಾತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಗಣಿಯ ಬಾಯಿಂದ ಗುಡ್ಡ ಉಳಿಯಿತೆಂದು ಸಂತೋಷಪಟ್ಟವರಲ್ಲಿ ನಾವೂ ಇದ್ದೇವೆ. ಆದರೆ ಅಭಯಾರಣ್ಯವಾದ ಮೇಲೆ ಹಕ್ಕಿನ ಮಾತೇ ಇಲ್ಲ ಎಂದು ಹಬ್ಬಿಸಿರುವುದು ಸುಳ್ಳು. ಕಾಯ್ದೆಯ ‘ಅರಣ್ಯ ಭೂಮಿ’ಯಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೂ ಸೇರಿವೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ, ಅದೂ ಹುಲಿ ಸಂರಕ್ಷಿತ ಪ್ರದೇಶದಲ್ಲಿ, 2011ರಲ್ಲೇ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅರ್ಜಿಯ ತನಿಖೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎಂಬ 4(5) ಕಲಮು ಇಲ್ಲಿಗೂ ಅನ್ವಯ. ಗಾಳಿಯಂತ್ರಗಳಿಗೆ ನೆತ್ತಿಯ ತನಕ ರಸ್ತೆ ಬಿದ್ದ ಗುಡ್ಡ ಇದು ಎಂಬುದನ್ನೂ ಮರೆಯಬಾರದು.

ನಮ್ಮಲ್ಲಿ ಎಲ್ಲರ ಕಣ್ಣೂ ‘ಎ’ ನಮೂನೆಯ ಮೇಲೆ, ಅಂದರೆ ವೈಯಕ್ತಿಕ ಹೊಲದ ಮೇಲೆ. ದನ ಮೇಯಿಸುವ, ನೀರು ಕುಡಿಸುವ, ಸೀತಾಫಲ, ಕವಳಿ ಹಣ್ಣು, ಬೇವಿನ ಬೀಜ, ಜೇನು, ಔಷಧಿ ಬೇರು ತರುವ ಹಕ್ಕಿಗೆ ‘ಬಿ’ ನಮೂನೆಯಿದೆ. ಊರಿನ ರೂಢಿಯ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕಿಗೆ ‘ಸಿ’ ನಮೂನೆ. ಇದರ ಹೆಸರು ಕೇಳಿದವರೇ ಅಪರೂಪ. ಗೌಳಿಗಳಿಗೆ ಎರಡು ಎಕರೆಗಿಂತ ಮೇವಿನ ದಾರಿ ಮುಖ್ಯ, ನಾಟಿ ವೈದ್ಯರಿಗೆ ಬೇರು ಸಿಗುವ ಇಳಿಜಾರು ಮುಖ್ಯ. ಇದಕ್ಕೆ ಸಾಕ್ಷ್ಯವಾಗಿ ಮೇವಿನ ಜಾಗ, ನೀರಿನ ಹೊಂಡ, ದೇವರ ಮರ, ಸ್ಮಶಾನ ಇವನ್ನೆಲ್ಲ ನಕ್ಷೆಯಲ್ಲಿ ತೋರಿಸಬೇಕು. ಪಕ್ಕದ ಊರಿನ ಗ್ರಾಮಸಭೆಯ ಜೊತೆ ಗಡಿ ಮಾತಾಡಿಕೊಳ್ಳಬೇಕು, ಮೇವಿನ ಗಡಿಗಳು ಒಂದರೊಳಗೊಂದು ಹೊಕ್ಕಿರುತ್ತವೆ. ಈ ಮಾತುಕತೆ ಆಗದೆ ಹೋದ ಅರ್ಜಿ ಎರಡು ಊರಿನ ಜಗಳವಾಗುತ್ತದೆ, ಜಗಳವನ್ನೇ ನೆಪ ಮಾಡಿ ಕಡತ ಮುಚ್ಚುತ್ತಾರೆ.

ಅರಣ್ಯ ಇಲಾಖೆಯವರ ಆತಂಕದಲ್ಲೂ ಹುರುಳಿದೆ. 2005ರ ನಂತರ ಕಡಿದು ಉತ್ತವರು ಹಳಬರ ನಡುವೆ ನುಸುಳುತ್ತಾರೆ. ಬೇಸಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುತ್ತದೆ, ಬಾದೆ ಹುಲ್ಲು ಹೊತ್ತಿತೆಂದರೆ ಬೆರಳೆಣಿಕೆಯ ಕಾವಲುಗಾರರು ಆರಿಸಲಾರರು. ಆದರೆ ಯಾರು ಹಳಬ, ಯಾರು ನಿನ್ನೆ ಬಂದವನು ಎಂಬುದು ತಾಂಡಾದ ಸಭೆಯಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ಕಾಡು, ಜೀವಿ, ಜಲಮೂಲ ಕಾಯುವ ಅಧಿಕಾರವನ್ನೂ ಹೊಣೆಯನ್ನೂ ಕಾಯ್ದೆಯ 5ನೇ ಕಲಮು ಗ್ರಾಮಸಭೆಗೇ ಕೊಟ್ಟಿದೆ. ಹಕ್ಕಿಲ್ಲದವನನ್ನು ಬೆಂಕಿ ಆರಿಸಲು ಮಾತ್ರ ಕರೆಯುವುದು ಎಷ್ಟು ದಿನ ನಡೆದೀತು?

ಹಕ್ಕುಪತ್ರ ಸಿಕ್ಕವರದೂ ಮುಗಿದಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಇರಬೇಕು, ಮಾರುವಂತಿಲ್ಲ, ಮಕ್ಕಳಿಗೆ ಬರುತ್ತದೆ. ಮೂರು ತಿಂಗಳೊಳಗೆ ಕಂದಾಯ ಮತ್ತು ಅರಣ್ಯ ದಾಖಲೆಯಲ್ಲಿ ನಮೂದಾಗಬೇಕು ಎಂದು ನಿಯಮ. ಪಹಣಿಯಲ್ಲಿ ನಮೂದಾಗದಿದ್ದರೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಗೆ ತೊಡಕು, ಬೆಳೆ ಸಾಲಕ್ಕೆ ತೊಡಕು, ಬೆಳೆ ವಿಮೆಗೂ ತೊಡಕು. ಹಕ್ಕುಪತ್ರ ಗೋಡೆಯ ಮೇಲೆ ಫೋಟೊದಂತೆ ತೂಗುತ್ತದೆ.

ಆದ್ದರಿಂದ ಗದಗ, ಧಾರವಾಡ, ಹಾವೇರಿ ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಲ್ಲಿ ನಮ್ಮ ಕೇಳಿಕೆ ಇಷ್ಟು. ಮರುಪರಿಶೀಲನೆಗೆ ಕೈಹಾಕುವ ಮೊದಲು 2ಎ ಪಟ್ಟಿ ಮಾಡಿಸಿ, ತಾಂಡಾ, ದಡ್ಡಿಗಳ ಮಟ್ಟದಲ್ಲೇ ಸಭೆ ಕರೆಸಿ, ಸಮಿತಿಗಳನ್ನು ಹೊಸದಾಗಿ ಮಾಡಿಸಿ. ‘75 ವರ್ಷದ ದಾಖಲೆ ಇಲ್ಲ’ ಎಂಬ ಒಂದೇ ಕಾರಣದಿಂದ ಬಿದ್ದ ಅರ್ಜಿಗಳನ್ನೆಲ್ಲ ಆ ಸಭೆಗಳಿಗೆ ವಾಪಸು ಕಳಿಸಿ. ಬಿತ್ತನೆ, ರಾಶಿ ಮತ್ತು ಕಬ್ಬು ಕಡಿಯಲು ಗುಳೆ ಹೋಗುವ ತಿಂಗಳುಗಳನ್ನು ಬಿಟ್ಟು ದಿನ ಗೊತ್ತು ಮಾಡಿ. ಅರ್ಧ ತಾಂಡಾ ಖಾಲಿಯಿರುವಾಗ ಸಭೆ ಕರೆದು ಕೋರಂ ಆಗಲಿಲ್ಲ ಎಂದರೆ ಏನು ಬಂತು?

ಅರ್ಜಿದಾರರಿಗೂ ಒಂದು ಮಾತು. ಹಿಂಬರಹ ಕೈಗೆ ಬಂದ ದಿನವೇ ಅದರ ಬೆನ್ನ ಮೇಲೆ ತಾರೀಖು ಬರೆದು, ತಂದುಕೊಟ್ಟವರ ಸಹಿ ಹಾಕಿಸಿಕೊಳ್ಳಿ. ಮೇಲ್ಮನವಿಗೆ 60 ದಿನ ಎಣಿಸುವುದು ಅಂದಿನಿಂದ. ತಡವಾದರೆ ಇನ್ನು 30 ದಿನ ಕೊಡುವುದು ಬಿಡುವುದು ಮೇಲ್ಮನವಿ ಕೇಳುವ ಸಮಿತಿಗೆ ಬಿಟ್ಟದ್ದು.

ಇಂತಿ,
ಅರಣ್ಯ ಹಕ್ಕು ಅರ್ಜಿಗಳ ಕಾಗದಪತ್ರ ನೋಡಿಕೊಡುವ ಕೆಲವರು
ಮುಂಡರಗಿ, ಗದಗ ಜಿಲ್ಲೆ